ರೋಜವ್ವನ ಹನ್ನೊಂದು ಕಂಬಗಳು

ಆ ದಿನಗಳಲ್ಲಿ ಲಿಂಗಸುಗೂರಿನ ಮಕ್ಕಳಿಗೆ ರಾತ್ರಿಗಿಂತ ಮಧ್ಯಾಹ್ನದ ಭಯವೇ ಹೆಚ್ಚು. ರಾತ್ರಿ ಎಲ್ಲರೂ ಅಂಗಳದಲ್ಲಿ ಸಾಲಾಗಿ ಹಾಸಿಕೊಂಡು ಮಲಗುತ್ತಿದ್ದೆವು. ಕೈಚಾಚಿದರೆ ಯಾರಾದರೊಬ್ಬರು ಸಿಗುತ್ತಿದ್ದರು. ಬೇಸಿಗೆಯ ಮಟಮಟ ಮಧ್ಯಾಹ್ನ ಹಾಗಲ್ಲ. ಬಜಾರು ಬಾಗಿಲು ಓರೆ ಮಾಡಿಕೊಂಡು ಮಲಗುತ್ತಿತ್ತು, ನಾಯಿಗಳು ಗಟಾರಕ್ಕೆ ಇಳಿಯುತ್ತಿದ್ದವು, ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹೊರಗೆ ಅಡ್ಡಾಡುವವರೆಲ್ಲ ಮನುಷ್ಯರೇ ಆಗಿರಬೇಕೆಂದೇನಿಲ್ಲ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಹೇಳಿ ಎರಡು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದಳು. ಆಗ ನಾನು ಹಿತ್ತಲ ಬಾಗಿಲಿನಿಂದ ಜಾರಿ ಹಳೆಯ ದಂಡಿನ ಛಾವಣಿಯ ಕಡೆಗೆ ಓಡುತ್ತಿದ್ದೆ.

ನನಗಾಗ ಒಂಬತ್ತು ವರ್ಷ. ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿದ್ದವು. ಬಜಾರಿನ ಸಾಲಿನ ಕೊನೆಗೆ ಅಪ್ಪನ ಅರಿವೆ ಅಂಗಡಿ. ನಮ್ಮ ಮುತ್ಯಾ, ಅಪ್ಪನ ಅಪ್ಪ, ಅರಿವೆಯ ಗಂಟನ್ನು ಎತ್ತಿನ ಮೇಲೆ ಹೇರಿಕೊಂಡು ಮಸ್ಕಿ, ಸಿಂಧನೂರಿನ ಸಂತೆಗಳಿಗೆ ತಿರುಗಿದವನು. ಅಪ್ಪನ ಕಾಲಕ್ಕೆ ಗಾದಿ, ಬೋರ್ಡು ಎಲ್ಲ ಬಂದಿದ್ದವು. ಹೊಸ ಥಾನಿನ ಗಂಜಿ ವಾಸನೆ, ಅಳೆದ ಅರಿವೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ ಎಂದು ಹರಿಯುವ ಸದ್ದು, ಇವುಗಳ ನಡುವೆಯೇ ನಾನು ಬೆಳೆದೆ. ಆ ಸದ್ದು ದಿನಕ್ಕೆಷ್ಟು ಸಲ ಕೇಳಿತೆಂಬುದರ ಮೇಲೆ ಅಪ್ಪನ ಸಂಜೆಯ ಮುಖ ನಿಂತಿರುತ್ತಿತ್ತು.

ನಮ್ಮ ಅಂಗಡಿಗೆ ಹತ್ತಿಕೊಂಡು ಒಂದು ಬಳೆ ಅಂಗಡಿ ಇತ್ತು. ಅದರ ಯಜಮಾನ ನಲವತ್ತೆಂಟರ ಗದ್ದಲದಲ್ಲಿ ಹೋದವನು ತಿರುಗಿ ಬರಲಿಲ್ಲ. ಹೋಗುವಾಗ ಕೀಲಿಕೈಯನ್ನು ಜತನಕ್ಕೆಂದು ಅಪ್ಪನ ಕೈಯಲ್ಲಿ ಕೊಟ್ಟಿದ್ದ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಅಂಗಡಿಯೊಳಗೆ ನಮ್ಮ ಅರಿವೆ ಗಂಟುಗಳಿದ್ದವು. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಬರಿಗಾಲಲ್ಲಿ ಹೋದರೆ ಬಳೆಚೂರು ಚುಚ್ಚುತ್ತದೆ ಎಂಬುದಷ್ಟೇ ಗೊತ್ತಿತ್ತು. ಬಳೆಗಾರನ ಹೆಂಡತಿ ಹುಸೇನಬಿ ಛಾವಣಿಯ ಬಂಗಲೆಯೊಂದರಲ್ಲಿ ಕಸಮುಸುರೆ ಮಾಡಿಕೊಂಡಿದ್ದಳು. ಆ ಬಂಗಲೆಯೇ ರೋಜವ್ವನದು.

ಛಾವಣಿ ಎಂದರೆ ಹಿಂದೆ ಇಂಗ್ಲಿಷರ ದಂಡು ಇದ್ದ ಜಾಗ. ಅಲ್ಲಿ ಉಳಿದ ಹಳೆಯ ಬಂಗಲೆಯಲ್ಲಿ ಈ ಬಿಳೀ ಮುದುಕಿ ಬಾಡಿಗೆಗಿದ್ದಳು. ಅವಳ ತಮ್ಮ ಹಟ್ಟಿಯ ಗಣಿಯಲ್ಲಿ ಬಂಗಾರದ ಒರೆ ನೋಡುವ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹೆಸರು ರೋಸಾ. ಬಜಾರಿನ ಬಾಯಲ್ಲಿ ಅದು ರೋಜಾ ಆಗಿ, ಮರ್ಯಾದೆ ಸೇರಿ ರೋಜವ್ವ ಆಯಿತು. ಉರ್ದುವಿನಲ್ಲಿ ರೋಜಾ ಎಂದರೆ ಉಪವಾಸ, ಇಷ್ಟು ಸಣಕಲಿಗೆ ಸರಿಯಾದ ಹೆಸರೇ ಇಟ್ಟಾರ ಎಂದು ಜನ ನಗುತ್ತಿದ್ದರು.

ಅವಳು ಮೊದಲ ಸಲ ಅಂಗಡಿಗೆ ಬಂದ ದಿನ ನಾನಿದ್ದೆ. ಕಣ್ಣು ಮುಚ್ಚಿ, ಥಾನಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಹಾಸಿನ ನೂಲು ಬೇರೆ ಹೊಕ್ಕಿನ ನೂಲು ಬೇರೆ, ಚೀಟಿ ಸುಳ್ಳು ಹೇಳುತ್ತದೆ ಎಂದು ಮುರುಕು ಉರ್ದುವಿನಲ್ಲಿ ಹೇಳಿದಳು. ಅಪ್ಪ ಬೇರೆ ಯಾವ ಮಾತನ್ನಾದರೂ ತಡೆದುಕೊಳ್ಳುತ್ತಿದ್ದ, ಅರಿವೆಯ ಮಾತನ್ನಲ್ಲ. ಥಾನು ಬಿಚ್ಚಿ ನೋಡಿದ. ಅವಳು ಹೇಳಿದ್ದೇ ಖರೆ. ನೀವು ಯಾವ ಮಂದಿ ಎಂದು ಕೇಳಿದ. ಯಹೂದಿ ಎಂದಳು. ಅಪ್ಪನಿಗೆ ತಿಳಿಯಲಿಲ್ಲವೆಂದು ಕಂಡು ಕನ್ನಡದಲ್ಲಿ ಮತ್ತೆ ಹೇಳಿದಳು: “ಅರಿವಿ ಮಂದಿ.”

ಆಮೇಲೆ ಅವಳು ಬಂದಾಗೆಲ್ಲ ಚಹಾ ತರಿಸುವುದು ಅಪ್ಪನಿಗೆ ರೂಢಿಯಾಯಿತು. ಅವಳದು ಜರ್ಮನಿಯ ಒಂದು ಸಣ್ಣ ಊರು. ಅವಳ ಮುತ್ತಜ್ಜ ರಿಬ್ಬನ್ನು, ಗುಂಡಿ, ಲೇಸಿನ ಗಂಟನ್ನು ಬೆನ್ನಿಗೆ ಹಾಕಿಕೊಂಡು ಹಳ್ಳಿಹಳ್ಳಿ ತಿರುಗಿದವನು. ಅವನ ಮಗ ಪೇಟೆಯಲ್ಲಿ ಅಂಗಡಿ ಇಟ್ಟ. ಮೂರು ತಲೆಮಾರು ಅದೇ ಕಟ್ಟೆಯ ಮೇಲೆ ಅರಿವೆ ಅಳೆದರು. ಊರಿನ ಮದುವೆ, ಸಾವು, ಮಕ್ಕಳ ಹೊಸ ಅಂಗಿ ಎಲ್ಲದಕ್ಕೂ ಅರಿವೆ ಅವರಲ್ಲಿಂದಲೇ. ಇಷ್ಟು ಹೇಳಿ ಅವಳು ನಿಲ್ಲಿಸುತ್ತಿದ್ದಳು. ಅಪ್ಪ ಮುಂದೇನಾಯಿತೆಂದು ಕೇಳುತ್ತಿರಲಿಲ್ಲ. ಹೊಲಿಗೆ ಕಲಿಯಲು ನನ್ನನ್ನು ಅವಳ ಹತ್ತಿರ ಕಳಿಸುವುದಾಗಿ ಮಾತ್ರ ಹೇಳಿದ.

ಮುಂದಿನದ್ದನ್ನು ನಾನು ಆ ಬಂಗಲೆಯಲ್ಲಿ ತಿಳಿದೆ.

ಬಂಗಲೆಯ ಮುಂದೆ ಉದ್ದನೆಯ ಪಡಸಾಲೆ, ಅದಕ್ಕೆ ಹನ್ನೊಂದು ಸುಣ್ಣದ ಕಂಬಗಳು. ಒಳಗೆ ಗೋಡೆ ಗಡಿಯಾರ ಯಾವಾಗಲೂ ತಪ್ಪು ತೋರಿಸುತ್ತಿತ್ತು. ಕೆಟ್ಟಿರಬೇಕೆಂದು ನಾನಂದೆ. ಕೆಟ್ಟಿಲ್ಲ, ಅದು ನಮ್ಮ ಊರಿನ ಹೊತ್ತು ಎಂದಳು. ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆದಾಗ ಅಲ್ಲಿ ಬೆಳಗಿನ ಎಂಟು, ಅಂಗಡಿ ತೆರೆಯುವ ವೇಳೆ. ಆ ಗಡಿಯಾರ ಎಂಟು ಹೊಡೆದರೆ ರೋಜವ್ವ ಹೊಲಿಗೆ ಬಿಟ್ಟು ಏಳುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿಕೊಂಡು ಪಡಸಾಲೆಗೆ ಬಂದು ಮೊದಲ ಕಂಬದ ಮುಂದೆ ನಿಂತು, “ಗುಟೆನ್ ಮೊರ್ಗೆನ್” ಎನ್ನುತ್ತಿದ್ದಳು. ಬೆಳಗಿನ ನಮಸ್ಕಾರ. ಆ ಕಂಬ ರೊಟ್ಟಿ ಬೇಯಿಸುವವನ ಅಂಗಡಿ. ಎರಡನೆಯದು ಚಮ್ಮಾರನದು, ಮೂರನೆಯದು ಔಷಧದ್ದು, ನಾಲ್ಕನೆಯದು ಗಡಿಯಾರ ರಿಪೇರಿಯದು. ಪ್ರತಿ ಕಂಬಕ್ಕೂ ಹೆಸರು ಹಿಡಿದು ನಮಸ್ಕಾರ ಹೇಳಿ, ತುಸು ಬಾಗಿ, ಕಿವಿಗೊಟ್ಟು ಕಾಯುತ್ತಿದ್ದಳು. ಹತ್ತನೆಯದು ಕಬ್ಬಿಣದ ಅಂಗಡಿ. ಹನ್ನೊಂದನೆಯದು ಅವರದೇ. ಅದರ ಎದುರಿಗೆ ಮನೆಯ ಬಾಗಿಲು. ಅಲ್ಲಿ ಅವಳು ಬಾಗಿಲ ಚೌಕಟ್ಟನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡು ಒಳಗೆ ಬರುತ್ತಿದ್ದಳು.

ಮೊದಲ ದಿನ ನನಗೆ ನಗು ಬಂತು. ಮೂರನೆಯ ದಿನ ಅವಳ ಹಿಂದೆ ನಾನೂ ಹೇಳಿಕೊಂಡು ನಡೆದೆ. ವಾರದೊಳಗೆ ಐದನೆಯ ಕಂಬದ ಕಸಾಯಿ ಅಂಗಡಿಯ ಮುಂದೆ ಮೂಗು ಮುಚ್ಚಿಕೊಳ್ಳುವುದನ್ನೂ ಕಲಿತೆ. ಒಂದು ದಿನ, ಯಾಕೆ ಹೀಗೆ ನಿಂತು ನಿಂತು ಹೋಗುತ್ತೀ ಎಂದು ಕೇಳಿದೆ. ಅವಳು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. ಆ ಊರಿನಲ್ಲಿದ್ದ ಕಡೆಯ ವರ್ಷಗಳಲ್ಲಿ ಅಂಗಡಿ ಸಾಲಿನವರು ಅವಳ ಅಪ್ಪನ ನಮಸ್ಕಾರಕ್ಕೆ ತಿರುಗಿ ಹೇಳುವುದನ್ನು ಬಿಟ್ಟರು. ಒಂದು ದಿನ ಅಂಗಡಿಯ ಗಾಜು ಒಡೆದರು. ಒಡೆಯದವರು ನಿಂತು ನೋಡಿದರು. ಆಮೇಲೆ ಕಬ್ಬಿಣದ ಅಂಗಡಿಯವನು ಬಂದು, ಕೀಲಿಕೈ ನನ್ನ ಹತ್ತಿರ ಇರಲಿ, ಜತನವಾಗಿ ಇಡುತ್ತೇನೆ ಎಂದ. ತಿಂಗಳೊಳಗೆ ಬೋರ್ಡಿನ ಮೇಲೆ ಅವನ ಹೆಸರು ಬಂತು. ರೋಜವ್ವ, ಅವಳ ತಮ್ಮ ಇಬ್ಬರೇ ಹಡಗು ಹತ್ತಿದರು. ಮನೆಯ ಉಳಿದ ಏಳು ಮಂದಿಯನ್ನು ರೈಲಿಗೆ ತುಂಬಿ ಒಯ್ದರು, ಯಾರೂ ತಿರುಗಿ ಬರಲಿಲ್ಲ.

“ಈಗ ಯಾಕ ನಮಸ್ಕಾರ ಮಾಡ್ತಿ ಅವ್ರಿಗೆ?” ಎಂದೆ.

“ಉತ್ತರ ಕೊಡಲಿ,” ಎಂದಳು. “ಒಬ್ಬರು ಕೊಡಲಿ. ನಾ ಕಾಯ್ತೀನಿ.”

ಬಿಸಿಲು ಪಡಸಾಲೆಯ ಅಂಚಿನವರೆಗೆ ಬಂದಿತ್ತು. ಅವತ್ತಿನಿಂದ ನಾನೂ ಕಿವಿಗೊಟ್ಟು ಕಾಯತೊಡಗಿದೆ. ಹಾಗೆ ಕಾಯತೊಡಗಿದ ಮೇಲೆ ಕಂಬಗಳ ಹಿಂದೆ ಯಾರೋ ಉಸಿರು ಹಿಡಿದು ನಿಂತಹಾಗೆ ಆಗುತ್ತಿತ್ತು. ಆರನೆಯ ಕಂಬದ ಹಿಂದೆ ಒಮ್ಮೆ ಕೆಮ್ಮಿದ್ದು ಕೇಳಿದೆ. ಪಾರಿವಾಳವಿರಬೇಕು ಎಂದು ಈಗ ಬರೆಯಬಲ್ಲೆ. ಆಗ ಅದು ಪಾರಿವಾಳವಾಗಿರಲಿಲ್ಲ.

ಅವಳು ಮುಟ್ಟುತ್ತಿದ್ದುದು ಚೌಕಟ್ಟಿಗೆ ಓರೆಯಾಗಿ ಹೊಡೆದ ಬೆರಳುದ್ದದ ಬೆಳ್ಳಿ ಕರಡಿಗೆ. ನಮ್ಮವರು ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಯ ಹಾಗೆಯೇ ಮುಚ್ಚಿದ್ದು, ತುಸು ಉದ್ದ. ಅದರ ಮೇಲೆ ಮೂರು ಹಲ್ಲಿನ ತ್ರಿಶೂಲ. ಅದು ಅವರ ಲಿಪಿಯ ಒಂದು ಅಕ್ಷರವೆಂದು ನನಗೆ ತಿಳಿದದ್ದು ಮುದುಕಿಯಾದ ಮೇಲೆ. ಒಳಗೇನಿದೆ ಎಂದು ಕೇಳಿದೆ. ದೇವರ ಹೆಸರು ಬರೆದ ಕಾಗದ, ಕರಡಿಗೆ ನಮ್ಮ ಅಪ್ಪನದು, ಅಂಗಡಿ ಬಾಗಿಲಿನಿಂದ ಕಿತ್ತು ನನ್ನ ಕೈಯಲ್ಲಿ ಕೊಟ್ಟ ಎಂದಳು. ನಿಮ್ಮ ಅಪ್ಪನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದೆ. ನಮ್ಮ ಕಡೆ ಅದು ಸಹಜವಾಗಿ ಕೇಳುವ ಮಾತು.

“ಮಣ್ಣು ಇಲ್ಲ,” ಎಂದಳು. “ಅವರಿಗೆ ಮಣ್ಣು ಇಲ್ಲ.”

ಇದನ್ನೆಲ್ಲ ನಾನು ಆಯಿಯ ಕಿವಿಗೆ ಹಾಕಿದೆ. ಆಯಿ ಬೆರಳು ಮಡಚಿ ಲೆಕ್ಕ ಹಾಕಿದಳು: ಆ ಹೆಂಗಸು ಮಾಂಸ ಮುಟ್ಟುವುದಿಲ್ಲ, ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರಂತೆ, ಕರಡಿಗೆ ಇದೆ, ಅದರ ಮೇಲೆ ತ್ರಿಶೂಲ. ಇನ್ನೇನು ಬೇಕು, ಜರ್ಮನಿಯಲ್ಲೂ ನಮ್ಮ ಲಿಂಗವಂತರಿದ್ದಾರೆ ಎಂದು ತೀರ್ಮಾನಿಸಿದಳು. ರೋಜವ್ವ ಗಸಗಸೆ ಉದುರಿಸಿ ಹೆರಳಿನ ಹಾಗೆ ಹೆಣೆದು ಬೇಯಿಸುತ್ತಿದ್ದ ರೊಟ್ಟಿಯನ್ನು ಅಲ್ಲಿಯವರೆಗೆ ಮೂಸಿಯೂ ನೋಡದವಳು ಅವತ್ತು ಎರಡು ತುಂಡು ತಿಂದಳು.

ಆದರೆ ಮೇ ತಿಂಗಳಲ್ಲಿ ನನಗೆ ಜ್ವರ ಬಂತು. ಜ್ವರದ ತಾಪದಲ್ಲಿ ನಾನು ಗೋಡೆಗೆ ಮುಖ ಮಾಡಿ ಯಾರಿಗೂ ತಿಳಿಯದ ಭಾಷೆಯಲ್ಲಿ ಒಬ್ಬೊಬ್ಬರಿಗೇ ನಮಸ್ಕಾರ ಹೇಳಿ, ಉತ್ತರಕ್ಕೆ ಕಾದೆನಂತೆ. ಅವ್ವ ಹೆದರಿ ಅತ್ತಳು. ಆಯಿಯ ಮುಖ ಬಿಗಿಯಿತು.

“ಲಿಂಗ ಕೈಯಾಗ ಇಡದ ಹೋದ ಜೀವಕ್ಕ ದಾರಿ ಸಿಗೂದಿಲ್ಲ,” ಎಂದಳು. “ಅವು ಆಕಿ ಬೆನ್ನ ಹತ್ತಿ ಬಂದು ಆ ಕಂಬದಾಗ ನಿಂತಾವ. ಇನ್ನ ಅಲ್ಲಿ ಕಾಲ ಇಡಬ್ಯಾಡ ನೀ.”

ನನಗೆ ಭಯಕ್ಕಿಂತ ದುಃಖ ಹೆಚ್ಚಾಯಿತು. ಆ ಬೇಸಿಗೆಯಲ್ಲಿ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾತಾಡಿದ ದೊಡ್ಡವಳೆಂದರೆ ಅವಳೊಬ್ಬಳೇ. ಹಾಸಿಗೆಯಲ್ಲಿ ಮಲಗಿ ಯೋಚಿಸಿದೆ. ಹಿಂದಿನ ವರ್ಷ ಮುತ್ಯಾ ತೀರಿಕೊಂಡಾಗ ಅವನನ್ನು ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರಿ ತುಂಬಿ ಮಣ್ಣು ಕೊಟ್ಟಿದ್ದನ್ನು ನೋಡಿದ್ದೆ. ಆಮೇಲೆ ಮುತ್ಯಾ ಒಮ್ಮೆಯೂ ಯಾರ ಕನಸಿಗೂ ಬಂದು ಕಾಡಲಿಲ್ಲ. ರೋಜವ್ವನ ಅಪ್ಪನ ಕರಡಿಗೆಗೂ ಮಣ್ಣು ಸಿಕ್ಕರೆ ಅವರಿಗೆಲ್ಲ ದಾರಿ ಸಿಗುತ್ತದೆ, ಕಂಬಗಳು ಬರಿಯ ಕಂಬಗಳಾಗುತ್ತವೆ, ನಾನು ಮತ್ತೆ ಹೋಗಬಹುದು. ಇಷ್ಟು ಸುಲಭದ ಕೆಲಸವನ್ನು ದೊಡ್ಡವರು ಯಾಕೆ ಮಾಡಿಲ್ಲವೆಂದು ಆಶ್ಚರ್ಯವೇ ಆಯಿತು.

ಜ್ವರ ಬಿಟ್ಟ ಮೂರನೆಯ ದಿನ, ಬೆಳಗಿನ ಹೊತ್ತು ರೋಜವ್ವ ಪೋಸ್ಟಾಫೀಸಿಗೆ ಹೋದಾಗ, ಅಂಗಡಿಯಲ್ಲಿ ಗಂಟು ಹೊಲಿಯುವ ದಬ್ಬಣ ಹಿಡಿದು ಬಂಗಲೆಗೆ ಹೋದೆ. ಕುರ್ಚಿ ಹತ್ತಿ ಎರಡು ಮೊಳೆ ಮೀಟಿದೆ. ಕರಡಿಗೆ ನನ್ನ ಅಂಗೈಗೆ ಬಿತ್ತು, ಬಿಸಿಲಿಗೆ ಕಾದು ಬೆಚ್ಚಗಿತ್ತು. ಹೊಸ ಮಲ್‌ಮಲ್ ತುಂಡಿನಲ್ಲಿ ವಿಭೂತಿ, ಪತ್ರಿಯೊಡನೆ ಸುತ್ತಿ, ಊರ ಹೊರಗಿನ ನಮ್ಮ ಹೊಲದಲ್ಲಿ ಮುತ್ಯಾನ ಗದ್ದುಗೆಯ ಮಗ್ಗುಲಿಗೆ ಮೊಣಕೈ ಆಳ ತೋಡಿ ಇಟ್ಟೆ. ಇಬ್ಬರೂ ಅರಿವೆ ವ್ಯಾಪಾರದವರು, ಮಾತಿಗೆ ಜೊತೆಯಾಗುತ್ತದೆ ಎಂದುಕೊಂಡೆ.

ಮರುದಿನ ರೋಜವ್ವ ಅಂಗಡಿಗೆ ಬಂದಳು. ತಲೆಗೆ ವಸ್ತ್ರವಿರಲಿಲ್ಲ. ಮೆಲ್ಲಗೆ ಅಪ್ಪನನ್ನು ಕೇಳಿದಳು: ಯಾರಾದರೂ ಸಣ್ಣ ಬೆಳ್ಳಿ ಕರಡಿಗೆ ಮಾರಲು ಬಂದಿದ್ದರೇ? ಬೆಳ್ಳಿ ಬೇಡ, ಒಳಗಿನ ಕಾಗದ ಸಿಕ್ಕರೆ ಸಾಕು, ಏಳು ಜನರದು ಉಳಿದದ್ದು ಅದೊಂದೇ. ಒಳಗೆ ಗಂಟಿನ ಮೇಲೆ ಕೂತಿದ್ದ ನಾನು ಇನ್ನೊಂದು ಗಂಟಿನ ಮರೆಗೆ ಸರಿದೆ. ಹೇಳಬೇಕೆಂದರೂ ಬಾಯಿ ಬರಲಿಲ್ಲ.

ಬೆಳ್ಳಿ ಎಂಬ ಮಾತೊಂದೇ ಸಾಕಾಯಿತು. ಸಂಜೆಯೊಳಗೆ ಬಜಾರು ತನ್ನಷ್ಟಕ್ಕೆ ತಾನೇ ಇತ್ಯರ್ಥ ಮಾಡಿತ್ತು: ಆ ಮನೆಯೊಳಗೆ ಹೋಗಿ ಬರುವವಳು ಒಬ್ಬಳೇ. ಮರುದಿನ ಹುಸೇನಬಿಯನ್ನು ಕರೆತಂದು ಅವಳ ಗಂಡನ ಅಂಗಡಿಯ ಮೆಟ್ಟಿಲ ಮೇಲೆಯೇ ಕೂರಿಸಿದರು. ಠಾಣೆಗೆ ಹೇಳಿಕಳಿಸಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಕಿರಾಣಿಯ ಬಸಪ್ಪನ ಮಗಳ ಮದುವೆಗೆ ಬಳೆ ಇಡಿಸಿದವಳು ಅವಳೇ. ಬಸಪ್ಪ ತಕ್ಕಡಿಯನ್ನು ಒರೆಸುತ್ತಿದ್ದ. ಅಪ್ಪ ಗಾದಿಯ ಮೇಲೆ ಕೂತು, ಮಡಚಿದ ಅರಿವೆಯನ್ನೇ ಬಿಚ್ಚಿ ಮಡಚುತ್ತಿದ್ದ.

ಯಾರೋ ರೋಜವ್ವನಿಗೆ ಸುದ್ದಿ ಮುಟ್ಟಿಸಿದರು. ಅವಳು ಬಂದಾಗ ಸರಿಯಾಗಿ ನಡುಮಧ್ಯಾಹ್ನ. ಹುಸೇನಬಿಯನ್ನು ನೋಡಿದಳು. ಅವಳ ಹಿಂದಿನ ಬಾಗಿಲಿಗೆ ಬಿದ್ದ ಕೀಲಿಯನ್ನು, ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ನಮ್ಮ ಅರಿವೆ ಗಂಟನ್ನು ನೋಡಿದಳು. ಯಾರಿಗೂ ಏನೂ ಅನ್ನದೆ ಬಜಾರಿನ ಆಚೆ ತುದಿಗೆ ನಡೆದುಹೋಗಿ, ಮೊದಲ ಅಂಗಡಿಯ ಮುಂದೆ ನಿಂತು, “ಶರಣ್ರೀ, ಬಸಪ್ಪನವರ,” ಎಂದಳು.

ಬಸಪ್ಪ ತಲೆ ಎತ್ತಲಿಲ್ಲ. ಅವಳು ತುಸು ಬಾಗಿ, ಕಿವಿಗೊಟ್ಟು ಕಾದಳು. ಆಮೇಲೆ ಮುಂದಿನ ಅಂಗಡಿ. “ಶರಣ್ರೀ, ಮಾನಪ್ಪನವರ.” ಮತ್ತೆ ಕಾದಳು. ಜನಕ್ಕೆ ಇದೇನೆಂದು ತಿಳಿಯಲಿಲ್ಲ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನಗೊಬ್ಬಳಿಗೆ ಗೊತ್ತಿತ್ತು. ನಮ್ಮ ಬಜಾರು ನನ್ನ ಕಣ್ಣೆದುರಿಗೆ ಆ ಬೀದಿಯಾಗುತ್ತಿತ್ತು. ಬಸಪ್ಪ, ಮಾನಪ್ಪ ಎಲ್ಲರೂ ಬಿಸಿಲಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಕಂಡರು. ಅವಳು ಒಂದೊಂದೇ ಅಂಗಡಿ ದಾಟಿ ನಮ್ಮ ಕಡೆಗೆ ಬರುತ್ತಿದ್ದಳು.

“ಶರಣ್ರೀ, ಮಲ್ಲಪ್ಪನವರ,” ಎಂದಳು ನಮ್ಮ ಕಟ್ಟೆಯ ಮುಂದೆ. ಅದು ಅಪ್ಪನ ಹೆಸರು.

ಅಪ್ಪನ ಕೈ ಅರಿವೆಯ ಮೇಲೆ ನಿಂತಿತು. ತುಟಿ ಅಲುಗಿತು, ದನಿ ಬರಲಿಲ್ಲ. ಅಪ್ಪನೂ ಕಂಬವಾಗುತ್ತಾನೆ ಎಂಬ ದಿಗಿಲಿಗೆ ನಾನು ಹೊರಗೆ ಬಂದೆ.

“ಶರಣ್ರೀ, ರೋಜವ್ವ,” ಎಂದೆ. “ಕರಡಗಿ ನಾ ತಗದೀನಿ. ಮುತ್ಯಾನ ಬಾಜೂಕ ಮಣ್ಣು ಮಾಡೀನಿ.”

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ನಾವೆಲ್ಲ ಹೊಲಕ್ಕೆ ನಡೆದೆವು: ರೋಜವ್ವ, ಅಪ್ಪ, ಆಯಿ, ನಾನು. ಹಿಂದೆ ದೂರದಲ್ಲಿ ಹುಸೇನಬಿ. ಯಾರೂ ಅವಳನ್ನು ಕರೆದಿರಲಿಲ್ಲ, ತಡೆಯಲೂ ಇಲ್ಲ. ನಾನು ಕೈಯಿಂದಲೇ ಮಣ್ಣು ತೋಡಿ ಗಂಟನ್ನು ತೆಗೆದುಕೊಟ್ಟೆ. ರೋಜವ್ವ ಮಲ್‌ಮಲ್ ಬಿಚ್ಚಿ, ವಿಭೂತಿಯನ್ನೂ ಬಾಡಿದ ಪತ್ರಿಯನ್ನೂ ನೋಡಿ, ಇದೇನೆಂದು ಅಪ್ಪನನ್ನು ಕೇಳಿದಳು. ಸತ್ತವರ ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುವುದು ನಮ್ಮ ಪದ್ಧತಿ, ಹುಡುಗಿ ಅದನ್ನೇ ಮಾಡಿದ್ದಾಳೆ ಎಂದು ಅಪ್ಪ ಉರ್ದುವಿನಲ್ಲಿ ಹೇಳಿದ. ಅವಳು ಪತ್ರಿಯನ್ನು ಒಂದೊಂದಾಗಿ ಮತ್ತೆ ವಿಭೂತಿಯ ಮೇಲೆ ಜೋಡಿಸಿದಳು. ನಮ್ಮಲ್ಲಿಯೂ ಹಾಗೆಯೇ, ದೇವರ ಹೆಸರು ಬರೆದದ್ದು ಹಳತಾದರೆ ಎಸೆಯುವುದಿಲ್ಲ, ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ ಎಂದಳು.

ಮತ್ತೆ ಮಲ್‌ಮಲ್ ಸುತ್ತಿ ಕುಣಿಯೊಳಗೆ ಇಟ್ಟಳು. ನಾನು ಇಟ್ಟಿದ್ದ ಹಾಗೆಯೇ. ಎದ್ದು ನಿಂತು, ಸತ್ತವರಿಗಾಗಿ ಅವರ ಮಂದಿ ಮಾಡುವ ಹಾಗೆ, ತನ್ನ ಅಂಗಿಯ ಕೊರಳಪಟ್ಟಿಗೆ ಎರಡೂ ಕೈ ಹಾಕಿ ಪರ್ ಎಂದು ಹರಿದಳು. ಹುಟ್ಟಿದಾಗಿನಿಂದ ಕೇಳಿದ್ದ ಸದ್ದು ಅದು, ಆದರೆ ಕೊಳ್ಳುವವರಿಲ್ಲದೆ ಕೇಳಿದ್ದು ಅದೇ ಮೊದಲು. ಅಪ್ಪ ಮುಖ ತಿರುಗಿಸಿಕೊಂಡ. ಅವಳು ಏಳು ಹೆಸರು ಹೇಳಿದಳು. ಪ್ರತಿ ಹೆಸರಿಗೆ ಆಯಿ ಒಂದು ಹಿಡಿ ಮಣ್ಣು ಹಾಕಿ ಶಿವಶಿವಾ ಎಂದಳು. ಎಲ್ಲ ಮುಗಿದ ಮೇಲೆ ರೋಜವ್ವ ಒಂದು ಸಣ್ಣ ಕಲ್ಲನ್ನು ಅದರ ಮೇಲಿಟ್ಟು, ಅಲ್ಲೇ ನೆಲದ ಮೇಲೆ ಕೂತಳು.

“ಈಗ ಮಣ್ಣು ಐತಿ,” ಎಂದಳು ನನಗೆ.

ಆ ಸಂಜೆ ಅಪ್ಪ ಬಳೆ ಅಂಗಡಿಯ ಕೀಲಿ ತೆಗೆದು, ಯಾರನ್ನೂ ಕರೆಯದೆ ನಮ್ಮ ಗಂಟುಗಳನ್ನು ತಾನೇ ಹೊತ್ತು ಹೊರಗೆ ಹಾಕಿದ. ಕೀಲಿಕೈಯನ್ನು ಹುಸೇನಬಿಯ ಮುಂದೆ ಹಿಡಿದು, “ತಡಾ ಆತು, ಅಕ್ಕಾ,” ಎಂದ. ಅವಳು ಕೀಲಿಕೈ ತೆಗೆದುಕೊಂಡಳು, ಉತ್ತರ ಕೊಡಲಿಲ್ಲ. ಕಸಬರಿಗೆ ತಂದು ನೆಲದ ಬಳೆಚೂರು ಗುಡಿಸಿದಳು. ಮುಂದೆ ವರ್ಷಗಟ್ಟಲೆ ಆ ಅಂಗಡಿಯಲ್ಲಿ ಕೂತು ಊರಿನ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡಿಸಿದಳು, ನನಗೂ ಇಡಿಸಿದಳು. ಆದರೆ ನನ್ನ ಹೆಸರು ಹಿಡಿದು ಎಂದೂ ಕರೆಯಲಿಲ್ಲ. ಒಂದು ಇಡೀ ಹೊತ್ತು ನಾನು ಬಾಯಿಮುಚ್ಚಿ ಕೂತಿದ್ದನ್ನು ಅವಳು ಮರೆಯಲಿಲ್ಲ, ನಾನೂ ಮರೆತಿಲ್ಲ.

ಬೇಡವೆಂದಿದ್ದ ಆಯಿಯೇ ನನ್ನನ್ನು ಮತ್ತೆ ಬಂಗಲೆಗೆ ಕಳಿಸಿದಳು. ಹೋದೆ. ಗಡಿಯಾರ ಈಗ ಲಿಂಗಸುಗೂರಿನ ಹೊತ್ತು ತೋರಿಸುತ್ತಿತ್ತು. ಹನ್ನೆರಡೂವರೆಗೆ ರೋಜವ್ವ ಏಳಲಿಲ್ಲ, ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತಿದ್ದಳು. ನಾನೊಬ್ಬಳೇ ಪಡಸಾಲೆಗೆ ಹೋಗಿ ಮೊದಲ ಕಂಬಕ್ಕೆ ಗುಟೆನ್ ಮೊರ್ಗೆನ್ ಹೇಳಿ ಕಾದೆ. ಅದು ಬರಿಯ ಕಂಬವಾಗಿತ್ತು. ನಾನು ಬಯಸಿದ್ದು ಅದನ್ನೇ, ಆದರೂ ಅಳು ಬಂತು.

ಐವತ್ತಾರರಲ್ಲಿ ರೋಜವ್ವನ ತಮ್ಮನ ನೌಕರಿ ಮುಗಿದು ಇಬ್ಬರೂ ಊರು ಬಿಟ್ಟು ಹೋದರು. ಬಂಗಲೆ ಈಗಿಲ್ಲ. ನಮ್ಮ ಅಂಗಡಿಯಲ್ಲಿ ಯಾರೂ ಅರಿವೆ ಹರಿಯುವುದಿಲ್ಲ. ಎಲ್ಲ ಹೊಲಿದೇ ಬರುತ್ತದೆ. ಹೊಲದಲ್ಲಿ ಮುತ್ಯಾನ ಗದ್ದುಗೆಯ ಪಕ್ಕ, ರೋಜವ್ವ ಇಟ್ಟ ಕಲ್ಲಿನ ಜೊತೆಗೆ, ಹೋದಾಗಲೆಲ್ಲ ನಾನೂ ಒಂದು ಕಲ್ಲು ಇಡುತ್ತೇನೆ. ಮೊಮ್ಮಕ್ಕಳು ಯಾರದು ಎಂದು ಕೇಳುತ್ತಾರೆ. ನಮ್ಮ ಅರಿವೆ ಮಂದಿಯದು ಎನ್ನುತ್ತೇನೆ.

ಆ ಬೀದಿ ಇಂದಿಗೂ ನನಗೆ ಬಾಯಿಪಾಠ. ರೊಟ್ಟಿಯವನು, ಚಮ್ಮಾರ, ಔಷಧ, ಗಡಿಯಾರ, ಕಸಾಯಿ. ಕಣ್ಣು ಕಟ್ಟಿ ಬಿಟ್ಟರೂ ಹನ್ನೊಂದನೆಯ ಬಾಗಿಲಿಗೆ ಹೋಗಿ ನಿಲ್ಲಬಲ್ಲೆ. ಆದರೆ ಅವಳು ಯಾವಾಗಲೂ ನಮ್ಮ ಊರು ಎನ್ನುತ್ತಿದ್ದಳು. ಆ ಊರಿನ ಹೆಸರನ್ನು ನಾನು ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಈಗ ಕೇಳಲು ಯಾರೂ ಉಳಿದಿಲ್ಲ. ನಮ್ಮಲ್ಲಿ ಹನ್ನೆರಡೂವರೆ ಆದಾಗ ಅಲ್ಲಿ ಅಂಗಡಿ ತೆರೆಯುವ ಹೊತ್ತು ಎಂಬುದಷ್ಟೇ ನನಗೆ ಗೊತ್ತು.